ಬಳ್ಳಿ ಕಟ್ಟಿದ ಕೈ

ಸೆಪ್ಟೆಂಬರ್ 29, 2024. ಭಾನುವಾರ. ಸವಣೂರು

ಇವತ್ತಿಗೆ ಐವತ್ತೊಂಬತ್ತು ದಿನ. ಇದ್ದತ್ ಕುಳಿತ ಹೆಂಗಸು ದಿನ ಎಣಿಸಬಾರದೆಂದು ಯಾರೂ ಹೇಳಿಲ್ಲ. ಎಣಿಸುತ್ತೇನೆ. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊಸ್ತಿಲು ದಾಟಬಾರದು, ಹೊರಗಿನ ಗಂಡಸರ ಕಣ್ಣಿಗೆ ಬೀಳಬಾರದು. ದಾಟಿಲ್ಲ, ಬಿದ್ದಿಲ್ಲ. ನಿಯಮ ಎಂದ ಮೇಲೆ ನಿಯಮ.

ಸೊಸೆ ಫರ್ಹತ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ನಿನ್ನೆ ಬರುವಾಗ ಒಂದು ಖಾಲಿ ವಹಿ ತಂದುಕೊಟ್ಟಳು. "ಅತ್ತಿ, ದಿನಾ ಗ್ವಾಡಿ ನೋಡ್ಕೋತ ಕುಂದ್ರೂದಕ್ಕಿಂತ ಏನರ ಬರೀರಿ" ಅಂದಳು. ಹುಲಗೂರಿನ ನಮ್ಮ ಓಣಿಯಲ್ಲಿ ಹತ್ತನೇ ಇಯತ್ತೆ ಪಾಸಾದ ಮೊದಲ ಹುಡುಗಿ ನಾನು. ಬರೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅವಳು ಇನ್ನೊಂದು ಮಾತು ತಂದಿದ್ದಾಳೆ. ಕಳೆದ ಜನವರಿಯಲ್ಲಿ ಬಂದು ಹೋದ ಆಫ್ರಿಕಾದ ಹೆಂಗಸು ಮತ್ತೆ ಬರುತ್ತಾಳಂತೆ. ಸಿನಿಮಾ ತೆಗೆಯುವವಳು, ಪುಸ್ತಕವನ್ನೂ ಬರೆಯುವವಳು. ನಮ್ಮ ಊರಿನ ಮಠದಲ್ಲಿರುವ ದೊಡ್ಡ ಹುಣಸೆ ಮರಗಳ ಜಾತಿ ಅವರ ದೇಶದ್ದಂತೆ. ಅಂಥ ಮರಗಳು ಎಲ್ಲೆಲ್ಲಿವೆಯೋ ಅಲ್ಲಿ ಸುತ್ತಲಿನ ಜನ ಏನು ಮಾಡಿ ಬದುಕುತ್ತಾರೆ ಎಂದು ಸಿನಿಮಾ ಮಾಡುತ್ತಿದ್ದಾಳೆ. ಜನವರಿಯಲ್ಲಿ ಫರ್ಹತಳೇ ಅವಳ ಜೊತೆ ತಿರುಗಿ ಮಾತು ತಿಳಿಸಿ ಹೇಳಿದ್ದಳು. ನಮ್ಮ ಯಜಮಾನರೂ ಅವಳನ್ನು ನಮ್ಮ ವೀಳ್ಯದೆಲೆ ತೋಟಕ್ಕೆ ಕರೆದೊಯ್ದಿದ್ದರು. ಈ ಸಲ ಎರಡು-ಮೂರು ತಿಂಗಳು ನಮ್ಮ ಮನೆಯಲ್ಲಿ ಇರಬಹುದೇ ಎಂದು ಕೇಳಿದ್ದಾಳೆ.

"ಸಾವಾದ ಮನ್ಯಾಗ ಸಿನಿಮಾದಾಕಿನ್ನ ಇಟ್ಕೊಳ್ಳೂದಾ?" ಅಂದೆ.

"ಅಕಿನೂ ಮುಸಲ್ಮಾನರಾಕಿನ ರೀ. ಅಕಿ ಗಂಡನೂ ತೀರ್ಯಾನ."

"ಮ್ಯಾಲಿನ ಖೋಲ್ಯಾಗ ಇರ್ಲಿ ಹಂಗಾರ. ಕ್ಯಾಮೆರಾ ಮಾತ್ರ ಕೆಳಗ ಇಳೀಬಾರದು."

ಅಕ್ಟೋಬರ್ 5, ಶನಿವಾರ

ಬಂದಳು. ಹೆಸರು ಐಸಾತು. ನಮ್ಮ ಆಯಿಷಾ ಎಂಬ ಹೆಸರನ್ನೇ ಅವರ ಸೆನೆಗಲ್ ದೇಶದಲ್ಲಿ ಹಾಗೆ ಕರೆಯುತ್ತಾರಂತೆ. ನಾನು ಆಯಿಷಾ ಎಂದೇ ಕರೆಯುತ್ತೇನೆ, ಅವಳು ಓಗೊಡುತ್ತಾಳೆ. ಅರವತ್ತೊಂದು ವಯಸ್ಸು. ಬಾಗಿಲ ಚೌಕಟ್ಟಿಗೆ ತಲೆ ಬಡಿಯುವಷ್ಟು ಎತ್ತರ. ತಲೆಗೆ ಹಳದಿ ಬಟ್ಟೆ ಸುತ್ತಿದ್ದಳು. ಒಳಗೆ ಬರುವಾಗ ಚಪ್ಪಲಿ ಬಿಟ್ಟಳು, ಬಿಟ್ಟದ್ದನ್ನು ಜೋಡಿಸಿಟ್ಟಳು. ಅದನ್ನು ನೋಡಿಕೊಂಡೆ.

ಸಲಾಂ ಹೇಳಿ ನನ್ನ ಚಾಪೆಯ ತುದಿಗೆ ಕುಳಿತಳು. ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ. ಬಂದವರೆಲ್ಲ ಸಬೂರ ಮಾಡ್ರಿ, ದೇವರ ಮರ್ಜಿ ಎಂದು ಕಿವಿ ತುಂಬಿಸಿ ಹೋಗುತ್ತಾರೆ. ಇವಳು ಸುಮ್ಮನೆ ಕುಳಿತು, ಎದ್ದು, ತನ್ನ ಚಹಾದ ಕಪ್ಪು ತಾನೇ ತೊಳೆದಿಟ್ಟು ಮೇಲೆ ಹೋದಳು.

ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಂಡಳು. ಅದು ಅತಿಯಾಯಿತು.

ಅಕ್ಟೋಬರ್ 11, ಶುಕ್ರವಾರ

ನನ್ನ ಮಾತು ನಾನೇ ಮುರಿದೆ ಎಂದು ಬರೆಯಬೇಕಾಗಿಲ್ಲ. ಕ್ಯಾಮೆರಾ ಕೆಳಗೆ ಬಂದಿಲ್ಲ. ಲ್ಯಾಪ್‌ಟಾಪ್ ಬಂದಿದೆ, ಅದು ಬೇರೆ.

ದಿನಾ ಸಂಜೆಯ ಅಸರ್ ನಮಾಜ್ ಆದ ಮೇಲೆ ಆಯಿಷಾ ಅಂದು ತೆಗೆದದ್ದನ್ನು ನನ್ನ ಕೋಣೆಗೆ ತಂದು ತೋರಿಸುತ್ತಾಳೆ. ಮೊದಲ ದಿನ ನಾನು ಗೋಡೆಯ ಕಡೆ ತಿರುಗಿ ಕುಳಿತೆ. ಯಲವಿಗಿ ಸ್ಟೇಶನ್ನಿನ ರೈಲಿನ ಸದ್ದು ಕೇಳಿತು. ತಿರುಗಿದೆ. ಎರಡು ತಿಂಗಳ ಮೇಲೆ ಹೊರಗಿನ ಬಿಸಿಲು ಕಂಡೆ.

ನಿನ್ನೆ ಎಲೆ ಮಾರ್ಕೆಟ್ಟಿನದು ತೋರಿಸಿದಳು. ಒಬ್ಬ ಹೆಂಗಸು ಎಲೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ಹಿಡಿದು ನಗುತ್ತಿದ್ದಳು.

"ಇದು ತಗಿ" ಅಂದೆ. "ಹಿಂಗ ಯಾರೂ ಎಲಿ ಹಿಡಿಯಂಗಿಲ್ಲ. ಕ್ಯಾಮೆರಾ ಐತಂತ ನಾಟಕ ಮಾಡಾಕತ್ತಾಳ ಅಕಿ."

ಫರ್ಹತ ಗಾಬರಿಯಾದಳು. "ಅತ್ತಿ, ಇವರು ಮೂವತ್ತ ವರ್ಷದಿಂದ ಸಿನಿಮಾ ಮಾಡ್ಯಾರ್ರಿ."

"ನಾ ನಲವತ್ತೈದ ವರ್ಷದಿಂದ ಎಲಿ ನೋಡೇನಿ. ಹೇಳ ಅಕಿಗೆ."

ಹೇಳಿದಳು. ಆಯಿಷಾ ಬಾಯಿ ತುಂಬ ನಕ್ಕಳು. ಅಲ್ಲೇ ಕುಳಿತು ಅದನ್ನು ತೆಗೆದುಹಾಕಿದಳು. ಇವತ್ತು ತಾನಾಗಿಯೇ ಕೇಳಿದಳು, ಇದರಲ್ಲಿ ನಾಟಕ ಎಷ್ಟು ಎಂದು. ಮೂರು ಕಡೆ ತೋರಿಸಿದೆ.

ಅಕ್ಟೋಬರ್ 18, ಶುಕ್ರವಾರ

ಅವಳ ಕಥೆ ಕೇಳಿದೆ. ಕೇಳಿದೆ ಎಂದರೆ ಫರ್ಹತ ಹೇಳಿದ್ದನ್ನು ಕೇಳಿದೆ.

ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳಂತೆ. ಇಪ್ಪತ್ತೇಳಕ್ಕೆ ಒಂದು ಕಾದಂಬರಿ ಬರೆದಳು, ಫ್ರೆಂಚ್ ಭಾಷೆಯಲ್ಲಿ. ಬಹುಮಾನ ಬಂತು. ಪುಸ್ತಕ ಒಯ್ದು ತಾಯಿಯ ಕೈಗೆ ಕೊಟ್ಟಳು. ತಾಯಿಗೆ ಓದು ಬಾರದು. ಆರು ತಿಂಗಳ ನಂತರ ಹೋಗಿ ನೋಡಿದರೆ ಪುಸ್ತಕ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಕುಳಿತಿತ್ತು. ತಾಯಿ ಮೆಚ್ಚಿಕೊಂಡೇ ಹೇಳಿದಳಂತೆ: "ಛಲೋ ಪುಸ್ತಕ ಬರದಿ ಮಗಳ. ಬೆಕ್ಕಿಗೆ ಸರಸಾಕ ಆಗವಲ್ದು."

ನಾನು ನಕ್ಕೆ. ಫರ್ಹತ ನನ್ನ ಮುಖ ನೋಡಿದಳು. ನಗಬಾರದೇನು, ನಗುವ ಮಾತಿಗೆ?

ಅವತ್ತೇ ಅವಳು ತೀರ್ಮಾನ ಮಾಡಿದಳು, ತಾಯಿಗೆ ತಿಳಿಯುವಂಥದ್ದು ಮಾಡಬೇಕು ಎಂದು. ಮೂವತ್ತಕ್ಕೆ ಪಟ್ಟಣಕ್ಕೆ ಹೋಗಿ ಕ್ಯಾಮೆರಾ ಕಲಿತಳು. ಮೊದಲ ಸಿನಿಮಾ ತನ್ನ ಹಳ್ಳಿಯ ಹೆಂಗಸರು ಶೇಂಗಾ ಬೆಳೆದು ಮಾರುವುದರ ಮೇಲೆ. ಎರಡು ಚಕ್ಕಡಿಗಳ ನಡುವೆ ಹಾಸಿಗೆಯ ಬಿಳಿ ಬಟ್ಟೆ ಕಟ್ಟಿ ಊರಿಗೆಲ್ಲ ತೋರಿಸಿದಳು. ಮುಗಿದ ಮೇಲೆ ತಾಯಿ ಎದ್ದು ಬಂದು, "ಈಗ ತಿಳೀತು ನೀ ಪುಸ್ತಕದಾಗ ಏನ ಬರದಿದ್ದಿ ಅಂತ" ಅಂದಳಂತೆ. ಅದಾದ ಮೇಲೆ ಹನ್ನೊಂದು ಸಿನಿಮಾ, ಆರು ಪುಸ್ತಕ. ಆದರೆ ಕ್ಯಾಮೆರಾ ಕಲಿಯಲು ಹೋದಾಗ ಎರಡು ಸಣ್ಣ ಮಕ್ಕಳನ್ನು ಆ ತಾಯಿಯ ಹತ್ತಿರವೇ ನಾಲ್ಕು ವರ್ಷ ಬಿಟ್ಟಿದ್ದಳು.

ಅದು ನನಗೆ ಸರಿ ಕಾಣಲಿಲ್ಲ. ಹಾಗಂತ ಹೇಳು ಅಂದೆ. ಫರ್ಹತ ಹಿಂದೆಮುಂದೆ ನೋಡಿದಳು. "ಹೇಳ" ಅಂದೆ. ಆಯಿಷಾ ಪೂರಾ ಕೇಳಿಸಿಕೊಂಡು ಉತ್ತರ ಕೊಟ್ಟಳು.

"ಏನಂತ?"

"ನನಗೂ ಸರಿ ಕಾಣಂಗಿಲ್ಲ ಅಂದ್ರು ರೀ ಅತ್ತಿ."

ಇಂಥ ಉತ್ತರ ಕೊಡುವವರು ಕಡಿಮೆ. ರಾತ್ರಿ ಊಟಕ್ಕೆ ಅವಳಿಗೆ ಕಡುಬು ಮಾಡಿಸಿದೆ.

ಅಕ್ಟೋಬರ್ 27, ಭಾನುವಾರ

ಆಯಿಷಾ ಇವತ್ತು ಲ್ಯಾಪ್‌ಟಾಪ್ ತೆರೆಯದೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಜನವರಿಯಲ್ಲಿ ತೋಟಕ್ಕೆ ಹೋದಾಗ ನಮ್ಮ ಯಜಮಾನರನ್ನು ಕ್ಯಾಮೆರಾದಲ್ಲಿ ತೆಗೆದಿದ್ದಾಳಂತೆ. ಹದಿನೇಳು ನಿಮಿಷ. ಮಾತೂ ಇದೆಯಂತೆ. ನಾನು ಕೇಳಿದಾಗ ತೋರಿಸುತ್ತಾಳೆ, ಕೇಳದಿದ್ದರೆ ಇಲ್ಲ.

"ಬ್ಯಾಡ" ಅಂದೆ.

ಅವರದು ಅಂತ ಮನೆಯಲ್ಲಿ ಇರುವುದು ಒಂದೇ ಫೋಟೋ, ಆಧಾರ್ ಕಾರ್ಡಿನದು. ಅದರಲ್ಲಿ ಪೊಲೀಸರು ಹಿಡಿದು ತಂದವರ ಹಾಗೆ ಕಾಣುತ್ತಾರೆ. ಅದನ್ನು ನೋಡಿ ಯಾರೂ ಅವರನ್ನು ದಸ್ತಗೀರಸಾಬ ಎನ್ನಲಾರರು.

ಅಕ್ಟೋಬರ್ 29

ಹದಿನೇಳು ನಿಮಿಷ ಏನು ಮಾತಾಡಿದರೋ. ಮನೆಯಲ್ಲಿ ಅವರು ಒಂದೇ ಸಲಕ್ಕೆ ಹದಿನೇಳು ಮಾತಾಡಿದವರಲ್ಲ.

ನವೆಂಬರ್ 1, ಶುಕ್ರವಾರ

ಜುಮ್ಮಾ ನಮಾಜ್ ಆದ ಮೇಲೆ ನಾನೇ ಕೇಳಿದೆ.

ತೋಟದ ಬದುವಿನ ಮೇಲೆ ಕುಳಿತಿದ್ದರು. ಬಿಳಿ ಟೊಪ್ಪಿಗೆ, ಎಡಗಡೆಯ ದವಡೆಯಲ್ಲಿ ಎಲೆ. ಗಂಟಲು ಸರಿಮಾಡಿಕೊಂಡರು. ಆ ಸದ್ದಿಗೆ ನಾನು ಸೆರಗು ಸರಿಮಾಡಿಕೊಂಡೆ. ಸವಣೂರಿನ ಎಲೆ ಯಾಕೆ ಬಾಯಲ್ಲಿ ಕರಗುತ್ತದೆ, ಬಳ್ಳಿ ಎಷ್ಟು ವರ್ಷ ಬಾಳುತ್ತದೆ ಎಂದೆಲ್ಲ ಹೇಳಿದರು. ಅಷ್ಟರಲ್ಲಿ ಫರ್ಹತಳ ದನಿ ಕೇಳಿತು: "ಮಾವಾರ, ಅತ್ತಿನೂ ತ್ವಾಟದಾಗ ದುಡದಾರೇನ್ರಿ ಅಂತ ಕೇಳಾಕತ್ತಾರ."

"ರೋಶನಬಿ? ಛೇ ಛೇ!" ಅಂದರು. "ಹತ್ತನೇ ಇಯತ್ತೆ ಪಾಸಾದಾಕಿ ರೀ ಅಕಿ. ಮದುವಿ ಆದಾಗಿಂದ ಒಂದ ದಿನಾನೂ ಅಕಿ ಕಾಲಿಗೆ ಈ ತ್ವಾಟದ ಕೆಸರ ಹತ್ತಿಲ್ಲ. ರಾಣಿ ಹಂಗ ಇಟ್ಟೇನಿ."

"ಸುಳ್ಳ!" ಅಂತ ಕೂಗಿದೆ. ಲ್ಯಾಪ್‌ಟಾಪನ್ನು ನಾನೇ ಮುಚ್ಚಿದೆ. ಆಯಿಷಾ ಏನು ಏನು ಎಂದು ಫರ್ಹತಳ ತೋಳು ಹಿಡಿದಳು.

ತೊಂಬತ್ತಾರರಲ್ಲಿ ಏಣಿಯಿಂದ ಬಿದ್ದು ಇವರ ಸೊಂಟ ಮುರಿಯಿತು. ಹದಿನಾಲ್ಕು ತಿಂಗಳು ಹಾಸಿಗೆ. ಮಗ ಜಾವೇದ ಆಗ ತೊಟ್ಟಿಲು ಬಿಟ್ಟು ಎರಡು ವರ್ಷ. ಎಲೆ ತೋಟದೊಳಗೆ ಹೆಂಗಸು ಕಾಲಿಟ್ಟರೆ ಬಳ್ಳಿ ಒಣಗುತ್ತದೆ ಎಂದು ನಮ್ಮ ಹಿರಿಯರ ಮಾತು. ಹೆಂಗಸರು ಮನೆಯಲ್ಲಿ ಕುಳಿತು ಎಲೆ ಆರಿಸಿ ಜೋಡಿಸಬೇಕು, ಅಷ್ಟೇ. ನಾನು ಫಜರ್ ನಮಾಜ್ ಮುಗಿಸಿ, ಇವರ ಶಾಲು ತಲೆತುಂಬ ಹೊದ್ದು, ಊರು ಏಳುವ ಮೊದಲು ಹೋಗಿ ಬರುತ್ತಿದ್ದೆ. ನೀರು ಬಿಟ್ಟೆ, ಉದ್ದ ಬೆಳೆದ ಬಳ್ಳಿ ಕೆಳಗಿಳಿಸಿದೆ, ಬುಡಕ್ಕೆ ಮಣ್ಣು ಮುಚ್ಚಿದೆ, ತುದಿಯನ್ನು ಮತ್ತೆ ಆಸರೆಯ ಗಿಡಕ್ಕೆ ಕಟ್ಟಿದೆ. ಒಂದು ಬಳ್ಳಿಯೂ ಒಣಗಲಿಲ್ಲ. ಅವರು ಎದ್ದ ಮೇಲೂ ಕುಂಟುತ್ತಿದ್ದರು, ನಾನು ಬಿಡಲಿಲ್ಲ. ಮೊಣಕಾಲು ಕೈಕೊಡುವ ತನಕ ಇಪ್ಪತ್ತು ವರ್ಷ.

ಆ ಇಪ್ಪತ್ತು ವರ್ಷವನ್ನು ಒಂದು ಎಲೆ ಅಗಿಯುವಷ್ಟರಲ್ಲಿ ಅಳಿಸಿಬಿಟ್ಟರು. ಜಗಳ ಮಾಡೋಣವೆಂದರೆ ಅವರೇ ಇಲ್ಲ.

ಸಂಜೆ ಆಯಿಷಾ ಹೇಳಿ ಕಳಿಸಿದಳು. ಸಿನಿಮಾದ ಜೀವ ಇರುವುದು ಅವರ ಮಾತಿನಲ್ಲೇ ಅಂತೆ. ಆದರೂ ನಾನು ಒಪ್ಪದೆ ಅವರನ್ನು ಸಿನಿಮಾದಲ್ಲಿ ಇಡುವುದಿಲ್ಲ. ತಿಂಗಳ ಕೊನೆಯೊಳಗೆ ಹೇಳಬೇಕು. ಬೇಡವೆಂದರೆ ಅವರು ಇರುವುದಿಲ್ಲ. ಹೂಂ ಅಂದರೆ ಅವರ ಸುಳ್ಳು ದೇಶದೇಶ ತಿರುಗುತ್ತದೆ.

ನವೆಂಬರ್ 4, ಸೋಮವಾರ

ಮೈದುನ ಇಮಾಮಸಾಬ ಬಂದಿದ್ದ. ಪರದೆಯ ಆಚೆ ಕುಳಿತು ಮಾತಾಡಿದ.

"ಭಾಬಿ, ಅಣ್ಣ ಸಿನಿಮಾದಾಗ ಬರ್ತಾನಂತಲ್ರಿ! ನಿಮ್ಮನ್ನ ರಾಣಿ ಅಂದಾನಂತ."

"ರಾಣೀನೂ ಇಲ್ಲ, ಗೀಣೀನೂ ಇಲ್ಲ. ಸುಳ್ಳ ಅದು."

"ಸುಳ್ಳರ ಯಾಕಾಗವಲ್ದು, ಮರ್ಯಾದಿ ಸುಳ್ಳ. ನೀವು ತ್ವಾಟಕ್ಕ ಹೋಗ್ತಿದ್ದದ್ದು ನಮಗೇನ ಗೊತ್ತಿಲ್ಲದ್ದ?"

ನನ್ನ ಕೈಯಲ್ಲಿ ತಿರುಗುತ್ತಿದ್ದ ತಸಬೀಹ್ ಮಣಿ ನಿಂತಿತು. "ನಿನಗ ಗೊತ್ತಿತ್ತಾ?"

"ಓಣಿಗೆಲ್ಲ ಗೊತ್ತಿತ್ರಿ. ಅಣ್ಣ ಕುಂಟತಿದ್ದ. ಅಣ್ಣನ ಶಾಲು ಮಾತ್ರ ಕುಂಟಲಾರದ ಓಡತಿತ್ತು!"

ತಾನೇ ನಕ್ಕ. ನಾನು ನಗಲಿಲ್ಲ.

"ಗೊತ್ತಿದ್ದೂ ಯಾರೂ ಯಾಕ ಅನಲಿಲ್ಲ?"

"ಅಣ್ಣ ಒಬ್ಬೊಬ್ಬರ ಮನಿಗೂ ಹೋಗಿ ಕೈ ಹಿಡದು ಕೇಳ್ಕೊಂಡಿದ್ದ. ಅಕಿ ತವರುಮನ್ಯಾಗ ಗೊತ್ತಾಗಬಾರದು, ಯಾರೂ ಬಾಯಿ ಬಿಡಬ್ಯಾಡ್ರಿ ಅಂತ. ನೀವ ಹೇಳಿದ್ದಂತಲ್ರಿ ಭಾಬಿ ಅವಗ?"

"ಚಹಾ ಆರತೈತಿ, ಕುಡಿ" ಅಂದೆ.

ನವೆಂಬರ್ 5

ನಾನೇ ಹೇಳಿದ್ದು ಹೌದು.

ನವೆಂಬರ್ 9, ಶನಿವಾರ

ನಮ್ಮಪ್ಪ ಹುಲಗೂರಿನಲ್ಲಿ ಕಂಡವರಿಗೆಲ್ಲ ಹೇಳುತ್ತಿದ್ದ, ನನ್ನ ಮಗಳು ಹತ್ತನೇ ಇಯತ್ತೆ, ಗಂಡನ ಮನೆಯಲ್ಲಿ ಕೈಗೆ ಮಣ್ಣು ಹತ್ತುವುದಿಲ್ಲ ಎಂದು. ತೋಟಕ್ಕೆ ಹೊರಟ ಮೊದಲ ದಿನ ನಾನು ಇವರಿಂದ ಮಾತು ತೆಗೆದುಕೊಂಡೆ: ಸಾಯುವ ತನಕ ಯಾರ ಮುಂದೆಯೂ ಹೇಳಬಾರದು. ಹಿರಿಯರ ನಿಯಮಕ್ಕೆ ಹೆದರಿ ಅಲ್ಲ. ಅಪ್ಪನ ಮಾತು ಸುಳ್ಳಾಗಬಾರದು ಎಂದು, ನನ್ನ ತಲೆ ತಗ್ಗಬಾರದು ಎಂದು.

ಅಪ್ಪ ತೀರಿ ಇಪ್ಪತ್ತೊಂದು ವರ್ಷವಾಯಿತು. ಇನ್ನು ಹೇಳಿದರೆ ನಡೆಯುತ್ತದೆ ಎಂದು ನಾನು ಇವರಿಗೆ ಹೇಳಲೇ ಇಲ್ಲ. ನೆನಪಾಗಲಿಲ್ಲ. ಅವರೂ ಕೇಳಲಿಲ್ಲ. ಕೊಟ್ಟ ಮಾತು ಇಟ್ಟುಕೊಂಡು ಕುಳಿತಿದ್ದರು.

ಇದನ್ನೆಲ್ಲ ಆಯಿಷಾಳಿಗೆ ಹೇಳಿದೆ. ಹೇಳುವ ಅಗತ್ಯ ಇರಲಿಲ್ಲ, ಆದರೆ ಅವಳು ಕೇಳಿಸಿಕೊಳ್ಳುವ ರೀತಿ ಹಾಗಿದೆ. ಆಮೇಲೆ ಅವಳು ಹೇಳಿದಳು. ಗಂಡ ತೀರಿದಾಗ ಅವಳು ಪರದೇಶದಲ್ಲಿ ಸಿನಿಮಾ ಜೋಡಿಸುತ್ತಿದ್ದಳು. ಮನೆ ಮುಟ್ಟಿದ್ದು ನಲವತ್ತು ದಿನ ಆದ ಮೇಲೆ. ಇದ್ದತ್ ಸರಿಯಾಗಿ ಕೂಡಲಿಲ್ಲ. ಅತ್ತೆಮನೆಯವರು ಇಂದಿಗೂ ಅವಳ ಜೊತೆ ಊಟಕ್ಕೆ ಕೂಡುವುದಿಲ್ಲ. ಆ ಸಂಕಟಕ್ಕೆ ಗಂಡನ ಮೇಲೆ ಒಂದು ಪುಸ್ತಕ ಬರೆದಳು. ಓದಿದವರೆಲ್ಲ ಅತ್ತರು.

"ಛಲೋ ಆತಲ್ಲ ಮತ್ತ" ಅಂದೆ.

ಫರ್ಹತ ಅವಳ ಮಾತನ್ನು ತಡೆತಡೆದು ಹೇಳಿದಳು: "ಪುಸ್ತಕದಾಗ ಬರೇ ಒಳ್ಳೇದ ಬರದೇನಿ ಅಂತಾರ್ರಿ. ಅಂವ ಬಾಳ ಜಗಳಗಂಟ ಇದ್ದನಂತ. ಅದನ್ನ ಬಿಟ್ಟ ಬಿಟ್ಟಾರ. ಈಗ ಓದಿದ್ರ ಮತ್ತ ಯಾರದೋ ಗಂಡ ಅನಸ್ತೈತಂತ."

ಆಮೇಲೆ ಅವಳು ಒಂದು ಮಾತು ಕೇಳಿದಳು. ಅವರ ಮಾತಿಗೆ ನಾನು ಉತ್ತರ ಕೊಡುತ್ತೇನೆಯೇ ಎಂದು. ಮುಖ ಬೇಡ, ದನಿ ಮಾತ್ರ. ಅವರ ಚಿತ್ರದ ಮೇಲೆ ನನ್ನ ದನಿ ಕೂಡಿಸುತ್ತಾಳಂತೆ.

ಇದ್ದತ್‌ನಲ್ಲಿ ನನ್ನ ದನಿ ಹೊರಗೆ ಹೋಗುವುದೇ? ಸಿನಿಮಾ ಜನ ನೋಡುವುದು ಬರುವ ವರ್ಷ ಎಂದಳು. ಹಾಗಿದ್ದರೆ ನಿಯಮಕ್ಕೆ ಏನೂ ಆಗುವುದಿಲ್ಲ. ವಿಚಾರ ಮಾಡುತ್ತೇನೆ ಅಂದೆ.

ನವೆಂಬರ್ 16, ಶನಿವಾರ

ಕಿಟಕಿಗೆ ಎರಡು ಕೌದಿ ತೂಗುಬಿಟ್ಟರು, ಹೊರಗಿನ ಸದ್ದು ಬರಬಾರದೆಂದು. ಫರ್ಹತ ಮೈಕು ಹಿಡಿದಳು. ಆಯಿಷಾ ಲ್ಯಾಪ್‌ಟಾಪ್ ನನ್ನ ಮುಂದೆ ಇಟ್ಟು ಅವರ ದನಿ ಸಣ್ಣದು ಮಾಡಿದಳು. ರಾಣಿ ಹಂಗ ಇಟ್ಟೇನಿ ಎಂಬಲ್ಲಿಗೆ ನಿಲ್ಲಿಸಿ ನನ್ನ ಕಡೆ ನೋಡಿದಳು.

ಏನು ಹೇಳಬೇಕೆಂದು ನಿನ್ನೆಯೇ ಒಂದು ಪುಟ ಬರೆದಿಟ್ಟಿದ್ದೆ, ಶುದ್ಧ ಕನ್ನಡದಲ್ಲಿ. ಅದನ್ನು ಕೈಯಲ್ಲಿ ಹಿಡಿದೇ ಇದ್ದೆ. ಬಾಯಿಂದ ಬಂದದ್ದು ಬೇರೆ.

"ಏನ್ರಿ, ಇಲ್ಲಿ ಕೇಳ್ರಿ. ಅಪ್ಪ ಹೋಗಿ ಇಪ್ಪತ್ತೊಂದ ವರ್ಷ ಆತು. ಇನ್ನ ಸಾಕು. ನಾ ತ್ವಾಟಕ್ಕ ಬಂದೇನಿ. ನಿಮ್ಮ ಶಾಲು ಹೊದ್ದ ಬಂದೇನಿ. ಕೆಸರ ಹತ್ತೈತಿ, ಜಿಗಳಿ ಹತ್ತ್ಯಾವ, ಒಮ್ಮೆ ಹಾವನೂ ತುಳದೇನಿ. ಅದನ್ನ ನಿಮಗೂ ಹೇಳಿದ್ದಿಲ್ಲ. ನೀವು ಮಾತ ಕೊಟ್ಟಿದ್ರಿ, ಇಟ್ಕೊಂಡ್ರಿ. ನಾನ ಬಿಡಿಸಾಕ ಮರತೆ. ಈಗ ಬಿಡಿಸೇನಿ."

ಅಷ್ಟೇ ಸಾಕೆಂದು ನಾನು ತಿಳಿದಿದ್ದೆ. ಆಯಿಷಾ ನಿಲ್ಲಿಸಲಿಲ್ಲ, ಮುಂದಿನದನ್ನು ಬಿಟ್ಟಳು. ಅವತ್ತು ನಾನು ಸಿಟ್ಟಿನಿಂದ ಮುಚ್ಚಿದ ಮೇಲಿನದು. ಅದನ್ನು ನಾನು ನೋಡಿರಲಿಲ್ಲ.

ಬದುವಿನಿಂದ ಎದ್ದು, ಸೊಂಟಕ್ಕೆ ಕೈ ಊರಿ, ಒಂದು ಬಳ್ಳಿಯ ಹತ್ತಿರ ಹೋದರು. ಕ್ಯಾಮೆರಾ ಅವರ ಕೈಯನ್ನೇ ನೋಡುತ್ತಿತ್ತು. ಬಾಳೆಯ ನಾರು ತೆಗೆದುಕೊಂಡು ಬಳ್ಳಿಯನ್ನು ಆಸರೆಯ ಗಿಡಕ್ಕೆ ಸುತ್ತಿ ಎಳೆದು ಕಟ್ಟಿದರು.

"ಬಿಗಿ ಆತ್ರಿ" ಅಂದೆ. ಹೇಳಬೇಕೆಂದು ಹೇಳಲಿಲ್ಲ, ಬಂದುಬಿಟ್ಟಿತು. "ಎಷ್ಟ ಸಲ ಹೇಳ್ಬೇಕ್ರಿ ನಿಮಗ? ನಾಳೆ ಬಳ್ಳಿ ದಪ್ಪ ಆಗೂದಿಲ್ಲೇನು? ಬೆರಳ ಹೋಗುವಷ್ಟು ಜಾಗಾ ಬಿಡ್ರಿ."

ಅವರು ಕಟ್ಟಿದವರು ಹಾಗೇ ನಿಂತರು. ನಿಂತು, ಗಂಟು ಬಿಚ್ಚಿದರು. ತೋರುಬೆರಳನ್ನು ಬಳ್ಳಿಯ ಮೇಲೆ ಇಟ್ಟು, ಬೆರಳನ್ನೂ ಸೇರಿಸಿ ನಾರು ಸುತ್ತಿ, ಗಂಟು ಹಾಕಿ, ಆಮೇಲೆ ಬೆರಳು ಮೆಲ್ಲಗೆ ಹೊರಗೆ ಎಳೆದುಕೊಂಡರು.

ಆ ಬೆರಳಿನ ಕಟ್ಟು ನನ್ನದು. ತೊಂಬತ್ತೇಳರಲ್ಲಿ ಅವರಿಗೆ ಹಾಸಿಗೆಯ ಪಕ್ಕ ಕುಳಿತು, ಮಂಚದ ಕಾಲಿಗೆ ನಾರು ಕಟ್ಟಿ ತೋರಿಸಿದ್ದೆ. ಗಂಡಸರು ಯಾರೂ ಹಾಗೆ ಕಟ್ಟುವುದಿಲ್ಲ.

ಜನವರಿಯಲ್ಲಿ ಬಿಗಿಯಾಯಿತೆಂದು ಅವರಿಗೆ ಹೇಳಲು ನಾನು ಅಲ್ಲಿರಲಿಲ್ಲ.

"ಕಟ್ ಮಾಡಬೇಕೇನ್ರಿ ಅತ್ತಿ?" ಎಂದು ಫರ್ಹತ ಕೇಳಿದಳು.

"ಯಾಕ ಕಟ್ ಮಾಡ್ತಿ? ರಾಣಿ ಅಂದದ್ದೂ ಇರ್ಲಿ, ನಾ ಬೈದದ್ದೂ ಇರ್ಲಿ. ಸಿನಿಮಾದಾಗ ಅವರನ್ನ ಇಡು ಅಂತ ಹೇಳ ಅಕಿಗೆ."

ಡಿಸೆಂಬರ್ 10, ಮಂಗಳವಾರ

ನಿನ್ನೆಗೆ ಇದ್ದತ್ ಮುಗಿಯಿತು.

ಫರ್ಹತ ಬೆಳಗಿನ ಕತ್ತಲಲ್ಲೇ ಎದ್ದು, "ಈಗ ಹೋಗೂಣೇನ್ರಿ ತ್ವಾಟಕ್ಕ? ಮಂದಿ ಇರಂಗಿಲ್ಲ" ಅಂದಳು. ಹತ್ತು ಗಂಟೆ ಆಗಲಿ ಅಂದೆ.

ಹತ್ತಕ್ಕೆ ಬಜಾರದ ರಸ್ತೆಯಿಂದಲೇ ಹೋದೆವು. ಆಯಿಷಾ ಹಿಂದೆ ಕ್ಯಾಮೆರಾ ಹಿಡಿದುಕೊಂಡು ಬಂದಳು, ನಾನು ಏನೂ ಅನ್ನಲಿಲ್ಲ. ಪಕ್ಕದ ತೋಟದ ಉಳಿವೆಪ್ಪ ಎಲೆ ಕೊಯ್ಯುತ್ತಿದ್ದವನು ಏಣಿಯ ಮೇಲೆಯೇ ನಿಂತುಬಿಟ್ಟ.

"ಏನ್ ಬೇ ಯಕ್ಕಾ, ನೀವು ತ್ವಾಟಕ್ಕ?"

"ಹೂಂ. ಇಪ್ಪತ್ತ ವರ್ಷ ಬಂದೇನಲ್ಲ, ದಾರಿ ಗೊತ್ತೈತಿ."

"ಗೊತ್ತೈತಿ ಬಿಡ್ರಿ ನಮಗೂ" ಅಂದ. ಮತ್ತೆ ಎಲೆಗೆ ಕೈ ಹಾಕಿದ.

ಚಪ್ಪಲಿ ಬದುವಿನ ಆಚೆ ಬಿಟ್ಟು ಒಳಗೆ ಕಾಲಿಟ್ಟೆ. ಮಣ್ಣು ತಂಪಿತ್ತು. ಜಾವೇದ ಈ ನಾಲ್ಕು ತಿಂಗಳು ತಾನೊಬ್ಬನೇ ನೋಡಿಕೊಂಡಿದ್ದಾನೆ, ನೀರು ಗೊಬ್ಬರ ಸರಿಯಿದೆ. ಆದರೆ ಕಟ್ಟು ಎಲ್ಲ ಬಿಗಿ. ಒಂದು ಸಾಲು ಪೂರ್ತಿ ಬಿಚ್ಚಿಸಿದೆ. "ಅವ್ವಾ, ಊಟದ ಹೊತ್ತಾತ ಬೇ" ಎಂದು ಅವನು ಎರಡು ಸಲ ಅಂದ. ಊಟ ಎಲ್ಲಿಗೂ ಓಡಿಹೋಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಆಯಿಷಾ ಕ್ಯಾಮೆರಾವನ್ನು ಫರ್ಹತಳ ಕೈಗೆ ಕೊಟ್ಟು, ಲಂಗದ ಅಂಚು ಸಿಕ್ಕಿಸಿಕೊಂಡು ನನ್ನ ಸಾಲಿಗೆ ಬಂದಳು. ನಾರು ಕೊಟ್ಟೆ, ಬೆರಳು ಇಟ್ಟು ತೋರಿಸಿದೆ. ಅವಳೂ ಹಾಗೆಯೇ ಬೆರಳು ಇಟ್ಟು ಕಟ್ಟಿದಳು, ಆದರೆ ಬೆರಳು ಅದರೊಳಗೇ ಸಿಕ್ಕಿಕೊಂಡಿತು. ಇಬ್ಬರೂ ನಕ್ಕೆವು. ಉಳಿವೆಪ್ಪ ಏಣಿಯ ಮೇಲಿಂದ ನೋಡಿದ, ನೋಡಲಿ. ಗಂಟು ಬಿಚ್ಚಿ ಅವಳ ಬೆರಳು ಬಿಡಿಸಿದೆ. ಮತ್ತೊಂದು ನಾರು ಕೊಟ್ಟೆ.